ಕೈಬರಹ ಪತ್ರಿಕೆಯ ಕೊನೆಯ ಪುಟಗಳು

ಕಾಸರಗೋಡಿನ ಮಂಗಲ್ಪಾಡಿ ಪಂಚಾಯತಿನ ಉಪ್ಪಳ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ತುಳು, ಕನ್ನಡ, ಮಲಯಾಳಂ, ಬ್ಯಾರಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಡತದಲ್ಲೇ ಉಳಿಯಿತು. ಆಯೋಗದ ವರದಿ ಬೇಕೆಂದರೆ ಇಂದಿಗೂ ಸಿಗುತ್ತದೆ. ಗಡಿನಾಡಿನ ವಿದ್ಯಾರ್ಥಿಗಳು ಬರೆದು, ಅಂಟಿಸಿ, ಹಂಚಿದ ಹಾಳೆಗಳು? ಉಳಿದಿದ್ದರೆ ಯಾರದೋ ಮನೆಯ ಅಟ್ಟದಲ್ಲಿ.

ಕೈಬರಹ ಪತ್ರಿಕೆ, ಭಿತ್ತಿಪತ್ರಿಕೆ, ಸೈಕ್ಲೋಸ್ಟೈಲ್ ಕರಪತ್ರ: ಈ ಮೂರೂ ಕನ್ನಡ ಶಾಲೆ-ಕಾಲೇಜುಗಳ ಹಳೆಯ ರೂಢಿ. ಸೈಕ್ಲೋಸ್ಟೈಲಿಗೆ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಮೊನಚು ಕಡ್ಡಿಯಿಂದ ಗೀರಿ ಬರೆಯಬೇಕು. ಕೈ ಸ್ವಲ್ಪ ಬಿಗಿಯಾದರೆ ಒತ್ತಕ್ಷರದ ಹೊಟ್ಟೆ ಹರಿದು ಶಾಯಿ ಸೋರುತ್ತದೆ. ಕೈಬರಹದ ಸಂಚಿಕೆಗಾದರೋ ಒಂದೇ ಪ್ರತಿ. ಸ್ಕೆಚ್ ಪೆನ್ನಿನ ಅಂಚು, ದಾರದ ಹೊಲಿಗೆ, ಕೊನೆಯಲ್ಲಿ ಓದುಗರ ಅಭಿಪ್ರಾಯಕ್ಕೆಂದು ಬಿಟ್ಟ ಖಾಲಿ ಪುಟಗಳು. ಆ ಪುಟಗಳಲ್ಲಿ ಮೆಚ್ಚುಗೆಯ ಕೆಳಗೇ ತಕರಾರು, ತಕರಾರಿನ ಕೆಳಗೆ ಬೇರೊಬ್ಬರ ಕೈಯ ಉತ್ತರ. ಅಚ್ಚಿನ ಪತ್ರಿಕೆಯಲ್ಲಿ ಸಂಪಾದಕರ ಕತ್ತರಿಗೆ ಸಿಗುವ ಜಗಳ ಇಲ್ಲಿ ಹಸಿಯಾಗಿ ಉಳಿದಿರುತ್ತದೆ.

ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಸ್ಟೇಪ್ಲರ್ ಪಿನ್ನು ಕೆಲವೇ ಮಳೆಗಾಲಗಳಲ್ಲಿ ತುಕ್ಕು ಹಿಡಿದು ಹಾಳೆಯನ್ನೂ ತಿನ್ನುತ್ತದೆ. ಆದರೂ ದೊಡ್ಡ ಶತ್ರು ಮಳೆಯಲ್ಲ, ನಮ್ಮ ಅಭಿರುಚಿ.

ಕನ್ನಡದ ಸಂಗ್ರಹ ಪರಂಪರೆ ಪುಸ್ತಕವನ್ನೇ ನೆಚ್ಚಿಕೊಂಡದ್ದು. ಧಾರವಾಡದಲ್ಲಿ 1964ರಲ್ಲಿ ಹುಟ್ಟಿದ ‘ಸಂಕ್ರಮಣ’, ಬೆಂಗಳೂರಿನ ‘ಶೂದ್ರ’ ಪತ್ರಿಕೆಗಳು ಸಾಹಿತ್ಯ ಚರಿತ್ರೆಯೊಳಗೆ ಬಂದವು, ಏಕೆಂದರೆ ಅವುಗಳಲ್ಲಿ ಬರೆದವರು ಮುಂದೆ ಹೆಸರು ಮಾಡಿದರು. ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣದ ಬಗ್ಗೆ ಬೇಕಾದಷ್ಟು ಬರಹಗಳಿವೆ. ಆ ದಿನಗಳಲ್ಲಿ ಹಾಸ್ಟೆಲಿನಿಂದ ಹಾಸ್ಟೆಲಿಗೆ ಓಡಾಡಿದ ಕರಪತ್ರ ಕೈಗೆ ಸಿಗುವುದೇ ಕಷ್ಟ. ಸ್ಮರಣ ಸಂಚಿಕೆ ಮಾಡುವವರೂ ಹಳೆಯ ಸಂಚಿಕೆಯಿಂದ ಕವಿತೆಯನ್ನು ಆರಿಸಿಕೊಂಡು, ಬಸ್ಸಿನ ರಿಯಾಯಿತಿ ಪಾಸಿಗಾಗಿ ನಡೆದ ಮುಷ್ಕರದ ಕರೆಯನ್ನು ಕೈಬಿಡುತ್ತಾರೆ. ಕವಿತೆ ಸಾಧಾರಣವಿರಬಹುದು, ಕರೆಯಲ್ಲಿ ಒಂದು ತಲೆಮಾರಿನ ಬದುಕೇ ಇದೆ.

ಕಾನೂನೂ ನೆರವಿಗೆ ಬಾರದು. 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಇರುವುದು ಪ್ರಕಾಶಕರಿಗಾಗಿ; ಒಂದೇ ಪ್ರತಿಯ ಕೈಬರಹಕ್ಕೆ ಪ್ರಕಾಶಕರೆಲ್ಲಿ?

ದಾರಿ ತೋರಿಸಿದವರು ಬಹುಪಾಲು ಸಂಸ್ಥೆಗಳ ಹೊರಗಿನವರು. ತಮಿಳುನಾಡಿನ ಕೋಟೈಯೂರಿನ ರೋಜಾ ಮುತ್ತಯ್ಯ ಪುಸ್ತಕದ ಜೊತೆಗೆ ನೋಟಿಸು, ಆಮಂತ್ರಣ ಪತ್ರಿಕೆಗಳನ್ನೂ ಕೂಡಿಟ್ಟರು; 1994ರಲ್ಲಿ ಚೆನ್ನೈಯಲ್ಲಿ ಅದೇ ಸಂಶೋಧನ ಗ್ರಂಥಾಲಯವಾಯಿತು. ಶಿಜು ಅಲೆಕ್ಸ್ ಕಟ್ಟಿದ ‘ಗ್ರಂಥಪ್ಪುರ’ ಕೇರಳದ ಹಳೆಯ ಮುದ್ರಿತ ಸಾಮಗ್ರಿಯನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟುಕೊಡುತ್ತಿದೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜು 2003ರಿಂದ ಸಂಗ್ರಹಿಸುತ್ತಿರುವ ‘ಝೀನ್’ಗಳಲ್ಲಿ (ಸ್ವಂತವಾಗಿ ಮಾಡಿ ಹಂಚುವ ಕಿರುಪತ್ರಿಕೆಗಳಲ್ಲಿ) ಆದಷ್ಟೂ ಒಂದು ಪ್ರತಿ ಭದ್ರ ಕೋಣೆಗೆ, ಇನ್ನೊಂದು ಓದುಗರ ಕೈಗೆ. ಒಂದೇ ಪ್ರತಿಯ ಸಂಚಿಕೆಗೆ ಸ್ಕ್ಯಾನೇ ಆ ಎರಡನೆಯ ಪ್ರತಿ.

ಗಡಿನಾಡಿಗೆ ಇಷ್ಟೇ ಸಾಲದು. ಇಲ್ಲಿನ ಕಾಲೇಜು ವಾರ್ಷಿಕಾಂಕದ ಎರಡು ರಟ್ಟುಗಳ ನಡುವೆ ಮಲಯಾಳಂ, ಕನ್ನಡ, ಇಂಗ್ಲಿಷ್ ಒಟ್ಟಿಗಿರುತ್ತವೆ. ಬೆಂಗಳೂರಿನವರು ಕನ್ನಡದ ಪುಟಗಳನ್ನಷ್ಟೇ, ಮಲಯಾಳದ ಸಂಗ್ರಾಹಕರು ತಮ್ಮ ಪುಟಗಳನ್ನಷ್ಟೇ ತೆಗೆದುಕೊಂಡರೆ ಸಂಚಿಕೆ ಸೀಳಿಹೋಗುತ್ತದೆ. ಯಾವ ಭಾಷೆ ಮೊದಲು ಬಂತು, ಯಾವುದಕ್ಕೆ ಎಷ್ಟು ಪುಟ ಸಿಕ್ಕಿತು ಎಂಬುದೇ ಇಲ್ಲಿ ರಾಜಕೀಯ. ರಟ್ಟಿನಿಂದ ರಟ್ಟಿಗೆ, ಜಾಹೀರಾತು ಸಮೇತ, ಸ್ಕ್ಯಾನ್ ಮಾಡಬೇಕು. ಸೂಚಿ ಕನ್ನಡ, ಮಲಯಾಳಂ ಎರಡೂ ಲಿಪಿಗಳಲ್ಲಿರಬೇಕು.

2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಈಗಿನ ಪೋಸ್ಟರು ಹುಟ್ಟುವುದೂ ಸಾಯುವುದೂ ಮೊಬೈಲಿನಲ್ಲೇ. ಫೋನು ಬದಲಾದರೆ ಹೋರಾಟದ ಕಾಗದಪತ್ರವೇ ಹೋದಂತೆ. ಅಟ್ಟದ ಹಾಳೆಗಿಂತಲೂ ಇದರ ಆಯುಷ್ಯ ಕಡಿಮೆ.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ಕ್ಯಾಂಪಸ್ ಬರಹ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದಕ್ಕೆ ತಲಶ್ಶೇರಿಯ ಬ್ರೆಣ್ಣನ್ ಕಾಲೇಜಿನ ‘ಪೆಲ್ಲೆಟ್’ ಸಂಚಿಕೆ ಅದೇ 2017ರಲ್ಲಿ ಎಬ್ಬಿಸಿದ ವಿವಾದವೇ ಸಾಕ್ಷಿ. ಹದಿನೇಳರ ಹುಡುಗಿಯೊಬ್ಬಳು ಸಹಪಾಠಿಗಳಿಗೆಂದು ಬರೆದದ್ದನ್ನು ನಲವತ್ತು ವರ್ಷಗಳ ಮೇಲೆ ಜಗತ್ತಿನ ಮುಂದಿಡುವ ಮೊದಲು ಅವಳನ್ನು ಹುಡುಕಿ ಒಪ್ಪಿಗೆ ಕೇಳಬೇಕು. ಸಿಗದಿದ್ದರೆ ಹೆಸರು ಮುಚ್ಚಿದ ಪ್ರತಿ ಓದುಗರಿಗೆ, ಪೂರ್ಣ ಪ್ರತಿ ಊರಿನ ವಾಚನಾಲಯದ ಕಪಾಟಿಗೆ. ಈ ಕೆಲಸಕ್ಕೆ ಗುರುತು ಪರಿಚಯ ಬೇಕು, ಯಾರ ಮಗಳು ಯಾವ ಊರಿಗೆ ಮದುವೆಯಾಗಿ ಹೋದಳೆಂಬುದು ಗೊತ್ತಿರಬೇಕು. ಹಾಗಾಗಿ ಇದು ತಿರುವನಂತಪುರದಿಂದಲೋ ಬೆಂಗಳೂರಿನಿಂದಲೋ ಆಗುವಂಥದ್ದಲ್ಲ, ಉಪ್ಪಳದವರೇ ಮಾಡಬೇಕಾದದ್ದು.