ಡ್ರಾಮಿನ ಲೆಕ್ಕ, ಸೀಸದ ತೂಕ

ಕಾರ್ಖಾನೆಯ ತೋಟಾ ಅಗ್ಗವೋ, ಮನೆಯಲ್ಲಿ ತುಂಬಿಕೊಂಡದ್ದು ಅಗ್ಗವೋ ಎಂಬ ಹಳೆಯ ವ್ಯಾಜ್ಯವನ್ನು ಈ ವಾರ ಇತ್ಯರ್ಥಗೊಳಿಸುವುದಾಗಿ ಅಂಕಣವು ಮಾತು ಕೊಟ್ಟಿತ್ತು. ಆದರೆ ಮನೆತುಂಬಿನ ಪಕ್ಷದವರು ಲೆಕ್ಕವನ್ನು ಯಾವಾಗಲೂ ಹಿತ್ತಾಳೆಯಿಂದಲೇ ಆರಂಭಿಸುತ್ತಾರೆಂಬುದನ್ನು ಮೊದಲೇ ಹೇಳಬೇಕಾಗುತ್ತದೆ. ತೋಟಾ ಎಂಬುದು ಹೊರಗವಚ, ಅದರ ಬುಡದಲ್ಲಿ ಕಿಡಿ ಹಾರಿಸುವ ಕೇಪು, ಒಳಗಿನ ಮದ್ದು, ತುದಿಯ ಗುಂಡು ಅಥವಾ ಚರೆ ಎಂಬ ನಾಲ್ಕರ ಕೂಟ. ರೈಫಲ್ಲಿನಲ್ಲಿ ಹಿತ್ತಾಳೆಯ ಕವಚವೇ ದುಬಾರಿ ಭಾಗವಾಗಿದ್ದು, ಈಡು ಹಾರಿದ ಮೇಲೂ ಅದು ಕೈಯಲ್ಲೇ ಉಳಿಯುವುದರಿಂದ, ಮತ್ತೆ ತುಂಬಿದಷ್ಟೂ ಉಳಿತಾಯವೆಂಬ ಅವರ ವಾದವು ಅಲ್ಲಿಯ ಮಟ್ಟಿಗೆ ಸರಿ. ಅದನ್ನೇ 12 ಬೋರಿನ ಕೋವಿಗೆ, ಅಂದರೆ ಒಂದು ಪೌಂಡ್ ಸೀಸದಿಂದ 12 ಗುಂಡುಗಳನ್ನು ಎರೆದರೆ ಅವುಗಳಲ್ಲೊಂದು ಸರಿಯಾಗಿ ಕೂರುವ ನಳಿಗೆಗೆ, ಹಚ್ಚಿದಾಗ ಮಾತು ಕುಂಟುತ್ತದೆ. ಒಂದು ಪೌಂಡಿಗೆ 7000 ಗ್ರೇನ್. ಚರೆಯ ಈಡೊಂದಕ್ಕೆ ಇಂದಿನ ಮದ್ದು 20 ಗ್ರೇನ್ ಆಸುಪಾಸು ಹಿಡಿದರೆ, 350 ಈಡಿಗೆ ಮದ್ದು ಒಂದೇ ಪೌಂಡ್ ಸಾಕು. ಒಂದು ಔನ್ಸ್ ಮತ್ತು ಎಂಟನೆಯ ಒಂದು ಪಾಲಿನಂತೆ ಸೀಸ ಮಾತ್ರ ಹೆಚ್ಚುಕಡಿಮೆ 25 ಪೌಂಡ್ ಬೇಕು. ಹಾಗೆ ಹಾರಿಹೋಗುವ ಸೀಸವನ್ನು ಕಾರ್ಖಾನೆಯು ಟನ್ನುಗಟ್ಟಲೆ ಕೊಳ್ಳುತ್ತದೆ, ಮನೆಯವನು ಚೀಲದಲ್ಲಿ ಕೊಳ್ಳುತ್ತಾನೆ.

ಭಾರತದಲ್ಲಂತೂ ಈ ಲೆಕ್ಕಕ್ಕಿಂತ ಮುಂಚೆ ಕಾನೂನು ಎದುರು ನಿಲ್ಲುತ್ತದೆ: 1959ರ ಶಸ್ತ್ರಾಸ್ತ್ರ ಅಧಿನಿಯಮದ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂಬ ಪದವು ಅದರ ಬಿಡಿಭಾಗಗಳನ್ನೂ ತಯಾರಿಕೆಯ ಯಂತ್ರಗಳನ್ನೂ ಒಳಗೊಳ್ಳುವುದರಿಂದ, ಅಗ್ಗಕ್ಕೆಂದು ತರಿಸಿದ ಪುಟ್ಟ ಒತ್ತುಯಂತ್ರವೇ ಮದ್ದುಗುಂಡಾಗಿಬಿಡಬಹುದು, ತಯಾರಿಕೆಗಂತೂ 5ನೆಯ ಪ್ರಕರಣದಂತೆ ಪ್ರತ್ಯೇಕ ಪರವಾನಗಿ ಬೇಕು.

ಹಾಗೆಂದು ಕನ್ನಡಿಗನಿಗೆ ಕೈಯಿಂದ ತುಂಬುವ ವಿದ್ಯೆ ಹೊಸದೇನಲ್ಲ. ಕೊಡಗು ಮತ್ತು ಮಲೆನಾಡಿನ ಕೇಪಿನ ಕೋವಿಯಲ್ಲಿ ಪ್ರತಿ ಈಡೂ ಹೊಸದಾಗಿ ತುಂಬಿದ್ದೇ: ಬಾಯಿಯಿಂದ ಕರಿಮದ್ದು ಸುರಿದು, ನಾರಿನ ಉಂಡೆ ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಬಿಟ್ಟು, ಅದು ಉದುರದಂತೆ ಮತ್ತೊಮ್ಮೆ ನಾರು ತುರುಕಿ, ಕೊನೆಗೆ ಕುದುರೆಯ ಕೆಳಗಿನ ಮೊಲೆಗೆ ಕೇಪು ಹಾಕಬೇಕು. ಕರಿಮದ್ದು ಅಳತೆಯ ಅಲ್ಪಸ್ವಲ್ಪ ತಪ್ಪನ್ನು ಸಹಿಸಿಕೊಳ್ಳುವ ಜಾತಿ. ಹೊಗೆಯಿಲ್ಲದ ಮದ್ದಿಗೆ ಆ ಔದಾರ್ಯವಿಲ್ಲ.

ಮೂಲ ವ್ಯಾಜ್ಯಕ್ಕಿಂತ ರುಚಿಕರವಾದ ಸಂಗತಿಯೆಂದರೆ, ಅಮೆರಿಕದ ತೋಟಾ ಪೆಟ್ಟಿಗೆಗಳ ಮೇಲೆ ಇಂದಿಗೂ ಅಚ್ಚಾಗುವ ‘3 ಡ್ರಾಮ್’ ಎಂಬ ಅಂಕೆ. ಡ್ರಾಮ್ ಎಂದರೆ ಔನ್ಸಿನ ಹದಿನಾರನೆಯ ಒಂದು ಪಾಲು; 3 ಡ್ರಾಮ್ ಎಂದರೆ 82 ಗ್ರೇನ್, ಅಂದರೆ 180 ಗ್ರೇನಿನ ತೊಲದ ಅರ್ಧಕ್ಕಿಂತ ತುಸು ಕಡಿಮೆ. ಆದರೆ ಪೆಟ್ಟಿಗೆಯೊಳಗೆ ಅಷ್ಟು ಮದ್ದಿರುವುದಿಲ್ಲ. ಅಷ್ಟು ಕರಿಮದ್ದು ಕೊಡುತ್ತಿದ್ದ ವೇಗವೇ ಇದರದ್ದೂ ಎಂಬುದಷ್ಟೇ ಆ ಅಂಕೆಯ ಅರ್ಥ. ಷುಲ್ಟ್ಸೆ ಮದ್ದಿನಂಥ ಮೊದಲ ತಲೆಮಾರಿನ ಹೊಗೆಯಿಲ್ಲದ ಮದ್ದುಗಳನ್ನು ಕರಿಮದ್ದಿನ ಅಳತೆಬಟ್ಟಲಲ್ಲೇ ಅಳೆಯುವಂತೆ ಹಗುರವಾಗಿ ಮಾಡಲಾಗಿತ್ತು. ಬಳಿಕ, 1887ರಲ್ಲಿ ನೊಬೆಲ್ ಪೇಟೆಂಟ್ ಪಡೆದ ಬ್ಯಾಲಿಸ್ಟೈಟಿನಂಥ ದಟ್ಟ ಮದ್ದುಗಳು ಬಂದಾಗ, ಅದೇ ಬಟ್ಟಲನ್ನು ನೆಚ್ಚಿದವರ ನಳಿಗೆ ಸಿಡಿಯುವ ಕಾಲ ಬಂದಿತು. ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರನ ‘ದಿ ಗನ್ ಅಂಡ್ ಇಟ್ಸ್ ಡೆವಲಪ್‌ಮೆಂಟ್’ (1881ರಲ್ಲಿ ಮೊದಲು ಅಚ್ಚಾಗಿ 1910ರ ವೇಳೆಗೆ 9ನೆಯ ಆವೃತ್ತಿ ಕಂಡ ಗ್ರಂಥ) ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಹಳೆಯ ಪುಸ್ತಕ ಮಾರುವ ಫುಟ್‌ಪಾತಿನಲ್ಲಿ ಯಾರಿಗಾದರೂ ಸಿಕ್ಕರೆ, ಚಿತ್ರಗಳಿಗೆ ಮನಸೋಲುವ ಮೊದಲು ಅದರ ಮದ್ದಿನ ಪುಟಗಳನ್ನು ಓದತಕ್ಕದ್ದು. ಬೇಟೆಗೆ ಹೆಸರಾದ ಆರನೆಯ ನಿಜಾಮ ಮಹಬೂಬ್ ಅಲಿ ಪಾಷಾನ ಪರಿಚಾರಕ ಆಲ್ಬರ್ಟ್ ಅಬಿಡ್‌ನ ಅಂಗಡಿಯಿಂದ ಹೆಸರು ಪಡೆದ ಬೀದಿಯಲ್ಲಿ ಅಂಥದ್ದು ಸಿಕ್ಕರೆ ಸೋಜಿಗವಿಲ್ಲ.

ಹೈದರಾಬಾದಿನ ಇಂದಿನ ಗುರಿಕಾರರಿಗೆ ಈ ಜಗಳವೇ ಬೇಕಿಲ್ಲ. .22 ತೋಟಾದಲ್ಲಿ ಕಿಡಿಯ ರಾಸಾಯನಿಕವು ಕವಚದ ಅಂಚಿನೊಳಗೇ ಇದ್ದು, ಸೂಜಿ ಬಡಿದು ಅಂಚು ನಜ್ಜಾದ ಮೇಲೆ ಅದು ಗುಜರಿ. ಗಾಳಿ ರೈಫಲ್ಲಿಗಾದರೋ ಕವಚ, ಕೇಪು, ಮದ್ದು ಮೂರೂ ಇಲ್ಲ. ಇರುವುದು ಅರ್ಧ ಗ್ರಾಂ ಚಿಲ್ಲರೆಯ 4.5 ಮಿ.ಮೀ. ಸೀಸದ ಗುಂಡು ಮಾತ್ರ. ಈ ಊರಲ್ಲಿ ಬೆಳೆದ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ಗೆಲ್ಲಲು ಅರ್ಹತೆಯಲ್ಲಿ 60, ಫೈನಲ್ಲಿನಲ್ಲಿ 10 ಗುಂಡು ಹಾರಿಸಿದರು. ಆ 70ನ್ನೂ ತಕ್ಕಡಿಗೆ ಹಾಕಿದರೆ 12 ಬೋರಿನ ಒಂದೇ ಒಂದು ಗುಂಡಿನ ತೂಕ ಆಗುತ್ತದೆ, ಹೆಚ್ಚುಕಡಿಮೆ ಮೂರು ತೊಲ.