ಗಣಿ ಮುಚ್ಚುವ ವಿದ್ಯೆ

2018ರ ಡಿಸೆಂಬರ್ 21ರಂದು ‘ಕೆಜಿಎಫ್ ಚಾಪ್ಟರ್ 1’ ಬಿಡುಗಡೆಯಾಯ್ತು. ಅದೇ ದಿನ ಜರ್ಮನಿಯ ಬೊಟ್ರೊಪ್‌ನಲ್ಲಿ ಆ ದೇಶದ ನೆಲದಡಿಯ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿತು. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದ ಮೇಲೆ ಸಿನಿಮಾ ನನಗೆ ಬೇರೆ ಥರ ಕಾಣ್ತಿದೆ.

ನಾನು ಕಾಮಸಮುದ್ರದವನು. ಯಶ್ ಎಂಟ್ರಿಗೆ ನಾನೂ ಶಿಳ್ಳೆ ಹೊಡೆದವನೇ. ರವಿ ಬಸ್ರೂರು ಸಂಗೀತ, ಭುವನ್ ಗೌಡ ಕ್ಯಾಮೆರಾ, ಕೊಟ್ಟ ಕಾಸಿಗೆ ಮೋಸವಿಲ್ಲ. ಕತೆ ಕಟ್ಟುಕತೆ ಅನ್ನೋದೂ ನನ್ನ ತಕರಾರಲ್ಲ. ನರಾಚಿಯ ಕೂಲಿಗಳಿಗೆ ಬಾಯಿಲ್ಲ, ಬಿಡಿಸೋಕೆ ಹೊರಗಿಂದ ಒಬ್ಬ ಬರಬೇಕು, ತಕರಾರು ಅಲ್ಲಿದೆ. ನಿಜವಾದ ಕೋಲಾರದ ಗಣಿಯವರು 1930ರಲ್ಲೇ ಬೆರಳಚ್ಚು ಕೊಡಲ್ಲ ಅಂತ ಮುಷ್ಕರ ಹೂಡಿದವರು.

ಸಿನಿಮಾದ ಪ್ರಶ್ನೆ ಗಣಿ ಯಾರದು ಅನ್ನೋದು. ನಮ್ಮೂರ ಕಡೆಯ ಪ್ರಶ್ನೆ ಗಣಿ ನಿಂತ ಮೇಲೆ ಏನು ಅನ್ನೋದು. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿಗಳು ಮುಚ್ಚಿದವು. ನಾನು ಬಿಇ ಓದುವಾಗ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಸೀಟೇ ಇರ್ತಿರಲಿಲ್ಲ. ಗಣಿಯವರ ಮಕ್ಕಳು ಬೆಂಗಳೂರಿನ ಕೆಲಸಕ್ಕೆ ಹೊರಟು, ಕೂತಲ್ಲೇ ನಿದ್ದೆ ಹೋಗಿರೋರು. ನಾನು ಕಂಡ ಬದಲಿ ಉದ್ಯೋಗ ನೀತಿ ಆ ರೈಲೇ.

ಜರ್ಮನಿ 2018ರ ಗಡುವನ್ನು 2007ರಲ್ಲೇ ತೀರ್ಮಾನಿಸಿತ್ತು. ಸರ್ಕಾರ, ಕಂಪನಿ, ಕಾರ್ಮಿಕ ಸಂಘ ಒಟ್ಟಿಗೆ ಕೂತು ಮಾತಾಡಿದ್ದವು. ವಯಸ್ಸಾದವರಿಗೆ ಬೇಗ ಪಿಂಚಣಿ, ಉಳಿದವರಿಗೆ ಬೇರೆ ಗಣಿ ಇಲ್ಲವೇ ಹೊಸ ತರಬೇತಿ. ಯಾರನ್ನೂ ಬರಿಗೈಲಿ ಬೀದಿಗೆ ಬಿಡಬಾರದು ಅನ್ನೋದು ಕರಾರು. ಅದಕ್ಕೆ ಸುರಿದ ದುಡ್ಡು ಅಪಾರ, ನಿಜ. ರೂರ್ ಸೀಮೆಯಲ್ಲಿ ನಿರುದ್ಯೋಗ ಈಗಲೂ ಆ ದೇಶದ ಸರಾಸರಿಗಿಂತ ಹೆಚ್ಚು, ಅದೂ ನಿಜ. ಆದರೂ ಹನ್ನೊಂದು ವರ್ಷ ಮುಂಚೆ ಹೇಳಿದ್ದರು. ನಮ್ಮ ಆಫೀಸಲ್ಲಿ ಹಳೇ ಸರ್ವರ್ ಆಫ್ ಮಾಡೋಕೂ ತಿಂಗಳುಗಟ್ಟಲೆ ಮೈಗ್ರೇಷನ್ ಪ್ಲಾನ್ ಇರುತ್ತೆ!

ಹೊರದೇಶದಿಂದ ಕಲಿಯೋದು ಕೆಜಿಎಫ್‌ಗೆ ಹೊಸದೇನಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರು. ಅಗೆಯೋ ವಿದ್ಯೆ ಸಮುದ್ರ ದಾಟಿ ಬಂತು. ಮುಚ್ಚೋ ವಿದ್ಯೆ ಮಾತ್ರ ಯಾರೂ ತರಲಿಲ್ಲ.

ರಾಯಚೂರಿನ ಹಟ್ಟಿ ಚಿನ್ನದ ಗಣಿ ಇನ್ನೂ ನಡೀತಿದೆ. ಯಾವ ಗಣಿಯ ಅದಿರೂ ಅಕ್ಷಯಪಾತ್ರೆಯಲ್ಲ. ಅಲ್ಲಿನ ಕಾರ್ಮಿಕರು ಬೊಟ್ರೊಪ್‌ಗೂ ಹೋಗಿ ನೋಡಬೇಕು, ನಮ್ಮ ಮಾರಿಕುಪ್ಪಂಗೂ ಬಂದು ನೋಡಬೇಕು. ಗಣಿ ನಡೀತಿರುವಾಗಲೇ.