ನೀರೊಳಗಿನ ಬೆವರು

ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ವನ್ನು ಓದಿದವರು ವೈಶಂಪಾಯನ ಸರೋವರದ ಸನ್ನಿವೇಶವನ್ನು ಮರೆಯಲಾರರು. ಭೀಷ್ಮನ ಮಾತಿನಂತೆ ಒಂದು ದಿನ ಕಳೆಯಲೆಂದು ನೀರಿನಲ್ಲಿ ಅಡಗಿದ ದುರ್ಯೋಧನ, ದಡದ ಮೇಲಿನ ಭೀಮನ ಗರ್ಜನೆ ಕೇಳಿ, ನೀರಿನಲ್ಲಿದ್ದೂ ಬೆವರುತ್ತಾನೆ. ಇದು ರೋಷದ ಬೆವರೆಂದೇ ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಕಣ್ಣು ಕೆಂಪಾದುದನ್ನು ಹೇಳಿ ಕವಿಯೂ ಆ ಅರ್ಥಕ್ಕೆ ಆಧಾರ ಕೊಟ್ಟಿದ್ದಾನೆ. ಆದರೆ ಅರ್ಥ ಅಷ್ಟೇ ಏನು?

ಈ ಸಂದೇಹವನ್ನು ಹುಟ್ಟಿಸಿದವನು ನ್ಯಾಮತಿ ಕಡೆಯ ಒಬ್ಬ ವಿದ್ಯಾರ್ಥಿ, ಕಬಡ್ಡಿ ಆಟಗಾರ. ಚನ್ನಗಿರಿ, ಹೊನ್ನಾಳಿ, ಜಗಳೂರು, ಎಲ್ಲಿ ಪಂದ್ಯವಿದ್ದರೂ ಹೋಗುತ್ತಿದ್ದವನು. ಒಮ್ಮೆ ರೇಡಿನಲ್ಲಿ ತಟ್ಟನೆ ತಿರುಗುವಾಗ ಮಂಡಿಯೊಳಗಿನ ಬಂಧಕ, ವೈದ್ಯರು ಎ.ಸಿ.ಎಲ್. ಎನ್ನುವುದು, ಹರಿದುಹೋಯಿತು. ಶಸ್ತ್ರಚಿಕಿತ್ಸೆಗೆ ನಾಲ್ಕು ದಿನವಿರುವಾಗ ಈ ಪಾಠ ಬಂತು. ಮುಗಿದ ಮೇಲೆ ಕೇಳಿದ: “ಸಾರ್, ಅದು ಬರೀ ಸಿಟ್ಟಿನ ಬೆವರಾ? ನನಗೆ ರಾತ್ರಿ ಫ್ಯಾನಿನ ಕೆಳಗೂ ಬರ್ತದೆ.”

ಅವನ ಹೆದರಿಕೆ ನೋವಿನದಲ್ಲ. ಸಾಮಾನ್ಯವಾಗಿ ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನು ತೆಗೆದು, ಮೂಳೆಯಲ್ಲಿ ರಂಧ್ರ ಕೊರೆದು, ಹರಿದ ಬಂಧಕದ ಜಾಗದಲ್ಲಿ ಕೂರಿಸುತ್ತಾರೆ. ಮತ್ತೆ ಅಂಕಣಕ್ಕಿಳಿಯಲು 9 ತಿಂಗಳಾದರೂ ಬೇಕು. ಮಂಡಿಯೇನೋ ಗಟ್ಟಿಯಾದೀತು, ಯೋಚಿಸದೆ ಕಾಲೂರಿ ತಿರುಗುತ್ತಿದ್ದ ಆ ನಂಬಿಕೆ ಮರಳೀತೆ? ವಿನೇಶ್ ಫೋಗಟ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮಂಡಿಗೆ ಪೆಟ್ಟಾಗಿ ಸ್ಟ್ರೆಚರಿನಲ್ಲಿ ಹೊರಬಂದವರು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರೆಂದು ಸಮಾಧಾನ ಹೇಳಿದೆ. “ಗೆದ್ದಿದ್ದು ಎಲ್ಲರೂ ಹೇಳ್ತಾರೆ ಸಾರ್. ಆಪರೇಷನ್ನಿನ ಹಿಂದಿನ ರಾತ್ರಿ ಹೆಂಗಿತ್ತು ಅಂತ ಯಾರೂ ಹೇಳಲ್ಲ” ಎಂದ.

ಈ ಕಣ್ಣಿನಿಂದ ನೋಡಿದಾಗ ದುರ್ಯೋಧನ ಬೇರೆಯಾಗಿ ಕಾಣುತ್ತಾನೆ. ತೊಡೆ ಮುರಿಯುವೆನೆಂಬ ಪ್ರತಿಜ್ಞೆಯನ್ನು ಸಭೆಯಲ್ಲಿ ಕಿವಿಯಾರೆ ಕೇಳಿದವನು ಅವನು. ಭೀಮನ ಕಬ್ಬಿಣದ ಪ್ರತಿಮೆಯ ಮೇಲೆ 13 ವರ್ಷ ಗದೆಯ ಅಭ್ಯಾಸ ಮಾಡಿದನೆಂದು ವ್ಯಾಸಭಾರತ ಹೇಳುತ್ತದೆ. ಆ ಸಾಧನೆಯಲ್ಲಿ ಛಲವೆಷ್ಟು, ಭಯವೆಷ್ಟು? ಬೇರ್ಪಡಿಸಿ ಹೇಳಬಲ್ಲವರಾರು?

ಭಾಸನದೆನ್ನುವ ‘ಊರುಭಂಗ’ ನಾಟಕದಲ್ಲಿ ಕಾಣುವುದು ತೊಡೆ ಮುರಿದ ಮೇಲಿನ ದುಃಖ: ಮಗ ದುರ್ಜಯ ತೊಡೆಯೇರಲು ಬಂದಾಗ ತಂದೆ ತಡೆಯಬೇಕಾಗುತ್ತದೆ. ಸರೋವರದ ದೃಶ್ಯದಲ್ಲಿ ರನ್ನ ಹಿಡಿದದ್ದು ಮುರಿಯುವುದಕ್ಕೆ ಮುಂಚಿನ ಗಳಿಗೆಯನ್ನು. ಛಲವನ್ನು ಮೆಚ್ಚುವ ಸಂಭ್ರಮದಲ್ಲಿ ನಮ್ಮ ವಿಮರ್ಶೆ ಆ ಗಳಿಗೆಯ ಭಯವನ್ನು ಒರೆಸಿಹಾಕಿದೆ. ಭಯವನ್ನು ಒಪ್ಪಿದರೆ ನಾಯಕ ಕುಗ್ಗುವನೆಂಬ ಅಳುಕು ನಮ್ಮದು, ಕವಿಯದಲ್ಲ. ಭಯದಿಂದ ಬೆವರಿಯೂ ನೀರಿನಿಂದ ಎದ್ದು ಬಂದನೆಂದರೆ ಅವನ ಧೈರ್ಯ ಹೆಚ್ಚುವುದೇ ಹೊರತು ಕಡಿಮೆಯಾಗದು.

ಹುಡುಗನಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಆದರೆ ಆ ಪದ್ಯಕ್ಕೆ ‘ರೋಷದಿಂದ’ ಎಂದಷ್ಟೇ ಟಿಪ್ಪಣಿ ಬರೆಸುವುದನ್ನು ಬಿಟ್ಟಿದ್ದೇನೆ.